ನಿಂತ ಲಾರಿಯನ್ನು ಕಾರಿನ ರಾಡಾರ್ ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲನ್ನು, ಅಂದರೆ ಮುಂದಿನ ಗಾಡಿಗೆ ತಕ್ಕಂತೆ ಕಾರಿನ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆಯನ್ನು, ಗಂಟೆಗೆ 100 ಕಿಲೋಮೀಟರಿಗೆ ಇಟ್ಟು ಹೋಗುತ್ತಿದ್ದೀರಿ ಎಂದುಕೊಳ್ಳಿ. ಮುಂದೆ 40 ಮೀಟರ್ ದೂರದಲ್ಲಿ 80ರ ವೇಗದ ಬಸ್ಸು. ನಿಮ್ಮ ಕಾರು ತಾನಾಗಿ 80ಕ್ಕೆ ಇಳಿದು ಅದನ್ನು ಹಿಂಬಾಲಿಸುತ್ತಿದೆ. ಬಸ್ಸು ಇದ್ದಕ್ಕಿದ್ದಂತೆ ಪಕ್ಕದ ಲೇನಿಗೆ ಸರಿಯುತ್ತದೆ. ಅದು ಸರಿದದ್ದು ಟೈರ್ ಒಡೆದು ನಿಂತ ಲಾರಿಯೊಂದನ್ನು ತಪ್ಪಿಸಲು. ಆ ಕ್ಷಣ ನಿಮ್ಮ ಕಾರು ಬ್ರೇಕ್ ಹಾಕದೇ ಇರಬಹುದು. ಅಷ್ಟೇ ಅಲ್ಲ, ಮುಂದೆ ದಾರಿ ಖಾಲಿಯಾಯಿತೆಂದು ತಿಳಿದು ಮತ್ತೆ 100ರ ಕಡೆಗೆ ವೇಗ ಏರಿಸಲು ಹೊರಡಬಹುದು. ಇದು ಯಂತ್ರ ಕೆಟ್ಟಿರುವ ಲಕ್ಷಣವಲ್ಲ. ಅದನ್ನು ಮಾಡಿರುವುದೇ ಹಾಗೆ. ಯಾಕೆ ಎಂಬುದು ಗೊತ್ತಾದರೆ ಅದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಚಾಲಕರೇ ಲೆಕ್ಕ ಹಾಕಿಕೊಳ್ಳಬಹುದು.

ಮುಂದಿನ ಬಂಪರಿನ ಕೆಳಭಾಗದ ಜಾಲರಿಯ ಹಿಂದೆ ಅಥವಾ ಕಂಪನಿಯ ಲಾಂಛನದ ಹಿಂದೆ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ. ಅದೇ ರಾಡಾರ್. ಅದು ಕಳಿಸುವ ರೇಡಿಯೋ ಅಲೆಯ ಆವರ್ತನ 76ರಿಂದ 77 ಗಿಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 3.9 ಮಿಲಿಮೀಟರ್. ಅಲೆ ಹೋಗಿ ಬರುವ ಹೊತ್ತನ್ನು ನೇರವಾಗಿ ಅಳೆಯುವುದು ಕಷ್ಟ. 100 ಮೀಟರ್ ದೂರದ ಕಾರಿಗೆ ತಾಗಿ ಮರಳಲು ಒಂದು ಮೈಕ್ರೋಸೆಕೆಂಡ್ ಕೂಡ ಬೇಡ, 0.67 ಸಾಕು. ಅದಕ್ಕೇ ಒಂದು ಉಪಾಯ ಮಾಡುತ್ತಾರೆ: ಅಲೆಯ ಆವರ್ತನವನ್ನು ಒಂದೇ ಸಮನೆ ಏರಿಸುತ್ತಾ ಕಳಿಸುತ್ತಾರೆ. 50 ಮೈಕ್ರೋಸೆಕೆಂಡಿನಲ್ಲಿ 300 ಮೆಗಾಹರ್ಟ್ಸ್ ಏರಿಸಿದರೆ ಪ್ರತಿ ಮೈಕ್ರೋಸೆಕೆಂಡಿಗೆ 6 ಮೆಗಾಹರ್ಟ್ಸ್ ಏರಿದಂತಾಯಿತು. ಮರಳಿ ಬಂದ ಅಲೆ 0.67 ಮೈಕ್ರೋಸೆಕೆಂಡ್ ಹಳೆಯದು. ಈಗ ಹೊರಡುತ್ತಿರುವ ಅಲೆಗೂ ಅದಕ್ಕೂ ನಡುವೆ 4 ಮೆಗಾಹರ್ಟ್ಸ್ ಅಂತರ ಇರುತ್ತದೆ. ಎರಡನ್ನೂ ಬೆರೆಸಿದರೆ ಈ ಅಂತರವೇ ಒಂದು ಸಂಕೇತವಾಗಿ ಸಿಗುತ್ತದೆ. 4 ಮೆಗಾಹರ್ಟ್ಸ್ ಬಂದರೆ 100 ಮೀಟರ್, 2 ಬಂದರೆ 50 ಮೀಟರ್.

ವೇಗದ ಅಳತೆ ಇದಕ್ಕಿಂತ ಸೊಗಸಾದದ್ದು. ಮುಂದಿನ ಗಾಡಿ ಸೆಕೆಂಡಿಗೆ 10 ಮೀಟರಿನಂತೆ ಹತ್ತಿರವಾಗುತ್ತಿದ್ದರೆ, ಒಂದು ಏರಿಕೆಗೂ ಮುಂದಿನ ಏರಿಕೆಗೂ ನಡುವಿನ 50 ಮೈಕ್ರೋಸೆಕೆಂಡಿನಲ್ಲಿ ಅರ್ಧ ಮಿಲಿಮೀಟರ್ ಮಾತ್ರ ಹತ್ತಿರ ಬಂದಿರುತ್ತದೆ. ಹೋಗಿ ಬರುವ ದಾರಿ ಒಂದು ಮಿಲಿಮೀಟರ್ ಕಡಿಮೆಯಾಯಿತು. ಅಲೆಯ ಉದ್ದವೇ 3.9 ಮಿಲಿಮೀಟರ್ ಆದ್ದರಿಂದ ಇದು ಅಲೆಯ ಒಂದು ಪೂರ್ತಿ ಏರಿಳಿತದಲ್ಲಿ ಕಾಲು ಭಾಗದ ವ್ಯತ್ಯಾಸ. ಎಲೆಕ್ಟ್ರಾನಿಕ್ಸ್‌ಗೆ ಇದು ಎದ್ದು ಕಾಣುತ್ತದೆ. ಇಂಥ 256 ಏರಿಕೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ, 13 ಮಿಲಿಸೆಕೆಂಡಿನೊಳಗೆ, ಗಂಟೆಗೆ ಅರ್ಧ ಕಿಲೋಮೀಟರಿನಷ್ಟು ಸಣ್ಣ ವೇಗವ್ಯತ್ಯಾಸವೂ ಬೇರೆಯಾಗಿ ಕಾಣುತ್ತದೆ. ಕತ್ತಲೆ, ಮಂಜು, ಎದುರು ಬಿಸಿಲು ಯಾವುದೂ ಇದಕ್ಕೆ ಅಡ್ಡಿಯಲ್ಲ. ಮನುಷ್ಯನ ಕಣ್ಣಿಗೆ ಇಷ್ಟು ನಿಖರವಾಗಿ ಇದನ್ನು ಹೇಳಲು ಸಾಧ್ಯವೇ ಇಲ್ಲ. (ಎಲ್ಲ ಕಾರುಗಳಲ್ಲೂ ರಾಡಾರ್ ಇರುತ್ತದೆ ಎಂದಲ್ಲ. ಹೋಂಡಾ ಸಿಟಿಯಲ್ಲಿ ಈ ಕೆಲಸವನ್ನು ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾ ಒಂದೇ ಮಾಡುತ್ತದೆ. ಅದರ ಬಲ, ಬಲಹೀನತೆಗಳು ಬೇರೆ.)

ರಾಡಾರ್ ಸೋಲುವುದು ದಿಕ್ಕನ್ನು ಹೇಳುವಲ್ಲಿ. ಅಲೆಯನ್ನು ಹಿಡಿಯುವ ಆಂಟೆನಾಗಳನ್ನು ಒಂದೆರಡು ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ಜೋಡಿಸಿ, ಅಲೆ ಯಾವುದಕ್ಕೆ ಮೊದಲು ತಲುಪಿತು ಎಂಬುದರಿಂದ ದಿಕ್ಕನ್ನು ಅಂದಾಜು ಮಾಡುತ್ತಾರೆ. ಸಾಲು ಚಿಕ್ಕದಾದಷ್ಟೂ ಅಂದಾಜು ಮಸುಕು. 4 ಡಿಗ್ರಿಗಿಂತ ಹತ್ತಿರದ ಎರಡು ವಸ್ತುಗಳನ್ನು ಬೇರೆ ಮಾಡಲಾಗದ ರಾಡಾರಿಗೆ, 100 ಮೀಟರ್ ದೂರದಲ್ಲಿ 7 ಮೀಟರ್ ಅಗಲ ಒಂದೇ ಚುಕ್ಕೆ. ನಮ್ಮ ಹೆದ್ದಾರಿಯ ಲೇನಿನ ಅಗಲ 3.5 ಮೀಟರ್. ಅಕ್ಕಪಕ್ಕ ಒಂದೇ ವೇಗದಲ್ಲಿ ಹೋಗುವ ಎರಡು ಗಾಡಿ ಆ ದೂರದಲ್ಲಿ ಅದಕ್ಕೆ ಒಂದಾಗಿ ತೋರಬಹುದು. ಇನ್ನು ಮೇಲೆ–ಕೆಳಗೆ ಎಂಬ ಎತ್ತರದ ಅಂದಾಜಂತೂ ಅನೇಕ ರಾಡಾರುಗಳಲ್ಲಿ ತೀರಾ ದುರ್ಬಲ.

ನಿಂತ ಲಾರಿಯ ಪ್ರಶ್ನೆ ಹುಟ್ಟುವುದು ಇಲ್ಲೇ. ನಿಮ್ಮ ಕಾರು ಸೆಕೆಂಡಿಗೆ 28 ಮೀಟರಿನಂತೆ ಓಡುತ್ತಿದ್ದರೆ, ರಸ್ತೆಯ ಮೇಲಿನ ನಿಂತ ವಸ್ತುಗಳೆಲ್ಲ ಅದೇ 28 ಮೀಟರ್ ವೇಗದಲ್ಲಿ ನಿಮ್ಮತ್ತ ಬರುತ್ತಿರುವಂತೆ ಕಾಣುತ್ತವೆ. ಊರಿನ ಹೆಸರು ಬರೆದ ತಲೆಮೇಲಿನ ಬೋರ್ಡು, ಮೇಲ್ಸೇತುವೆಯ ತೊಲೆ, ಕಬ್ಬಿಣದ ತಡೆಬೇಲಿ, ಮ್ಯಾನ್‌ಹೋಲ್ ಮುಚ್ಚಳ, ಬಿದ್ದಿರುವ ತಗಡಿನ ಡಬ್ಬಿ, ಮತ್ತು ನಿಂತ ಲಾರಿ. ಎತ್ತರ ಗೊತ್ತಾಗದ ಯಂತ್ರಕ್ಕೆ 120 ಮೀಟರ್ ಆಚೆಯ ಬೋರ್ಡಿಗೂ ಲಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪ್ರತಿ ಬೋರ್ಡಿಗೂ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಆದ್ದರಿಂದ ತಯಾರಕರು ಒಂದು ನಿಯಮ ಇಟ್ಟುಕೊಂಡಿದ್ದಾರೆ: ಒಮ್ಮೆಯಾದರೂ ಚಲಿಸುವುದು ಕಂಡ ವಸ್ತು ಆಮೇಲೆ ನಿಂತರೆ ಅದಕ್ಕೆ ಬ್ರೇಕ್ ಹಾಕು, ಮೊದಲಿನಿಂದಲೂ ನಿಂತೇ ಇರುವುದನ್ನು ಬಿಡು. ಟ್ರಾಫಿಕ್ಕಿನಲ್ಲಿ ಮುಂದಿನ ಕಾರು ನಿಧಾನವಾಗಿ ನಿಂತಾಗ ನಿಮ್ಮ ಕಾರೂ ಚೆನ್ನಾಗಿ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಆಗಲೇ ನಿಂತಿರುವ ಸಾಲಿನ ಕೊನೆಗೆ 80ರಲ್ಲಿ ಹೋದಾಗ ಹಾಗೆ ನಿಲ್ಲುತ್ತದೆಂದು ಹೇಳಲಾಗದು. ಎರಡೂ ಒಂದೇ ನಿಯಮದ ಫಲ.

ಹೊಸ ಕಾರುಗಳಲ್ಲಿ ಕ್ಯಾಮೆರಾ “ಅದು ವಾಹನವೇ” ಎಂದು ಸಾಕ್ಷಿ ಹೇಳುತ್ತದೆ. ಆಗ ನಿಂತ ಗಾಡಿಗೂ ಬ್ರೇಕ್ ಬೀಳುತ್ತದೆ. ಆದರೆ ದೂರದ ಲೆಕ್ಕ ನೋಡಿ. ಐಎಸ್‌ಒ 15622 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೆದ್ದಾರಿ ವೇಗದಲ್ಲಿ ಕ್ರೂಸ್ ಹಾಕಬಹುದಾದ ಬ್ರೇಕಿಗೆ ಮಿತಿ ಇದೆ: ಪ್ರತಿ ಸೆಕೆಂಡಿಗೆ ವೇಗ ಇಳಿಯುವುದು ಸೆಕೆಂಡಿಗೆ 3.5 ಮೀಟರಿನಷ್ಟು ಮಾತ್ರ. ಒಣ ರಸ್ತೆಯಲ್ಲಿ ನೀವು ಪೆಡಲ್ ಪೂರ್ತಿ ಒತ್ತಿದರೆ ಸಿಗುವುದು ಸುಮಾರು 8. ಬಸ್ಸಿನ ಹಿಂದೆ ಹೋಗುತ್ತಿದ್ದ 80ರ ವೇಗದಿಂದ ನಿಲ್ಲಲು ಕ್ರೂಸ್ ಬ್ರೇಕಿಗೆ 70 ಮೀಟರ್ ಬೇಕು, ನಿಮ್ಮ ಕಾಲಿಗೆ 31. ಬಸ್ಸು ಸರಿದ ಮೇಲೆ ಲಾರಿ ಕಾಣಿಸಿದ್ದು 50 ಮೀಟರಿನಲ್ಲಾದರೆ ಕ್ರೂಸಿನ ಮಿತಿಯೊಳಗೆ ನಿಲ್ಲಲು ಆಗದು. ಉಳಿಯುವುದು ಸ್ವಯಂ ತುರ್ತು ಬ್ರೇಕ್ ಮತ್ತು ನೀವು. ತುರ್ತು ಬ್ರೇಕ್ ಬೇರೆಯೇ ಕಾರ್ಯಕ್ರಮ. ಅದು ಕೊನೆಯ ಗಳಿಗೆಯಲ್ಲಿ ಬಲವಾಗಿ ಒತ್ತುತ್ತದೆ. ಎಷ್ಟೋ ಸಲ ಅದರಿಂದ ಡಿಕ್ಕಿ ತಪ್ಪುವುದಿಲ್ಲ, ಡಿಕ್ಕಿಯ ಪೆಟ್ಟು ಕಡಿಮೆಯಾಗುತ್ತದೆ ಅಷ್ಟೆ.

ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಓಡಾಡುವವರಿಗೆ ಇಲ್ಲಿ ಒಂದು ಮಾತು. ಎತ್ತಿನಗಾಡಿ ಗಂಟೆಗೆ 4 ಕಿಲೋಮೀಟರಿನಂತೆ ಹೋಗುತ್ತಿದ್ದರೆ, 80ರಲ್ಲಿ ಬರುವ ಕಾರು ಅದನ್ನೂ ನಿಂತ ವಸ್ತುಗಳ ಗುಂಪಿಗೇ ಸೇರಿಸಿಬಿಡಬಹುದು. ಇಪ್ಪತ್ತರಲ್ಲಿ ಹೋಗುವ ಟ್ರ್ಯಾಕ್ಟರ್ ಟ್ರೇಲರ್ ಚಲಿಸುವ ವಸ್ತುವಾಗಿ ಕಾಣುತ್ತದೆ ನಿಜ. ಆದರೆ ರಾಡಾರ್ ಅಳೆಯುವುದು ಬಹುಮಟ್ಟಿಗೆ ಅಚ್ಚು, ಚಕ್ರ, ಚೌಕಟ್ಟಿನಂಥ ಲೋಹದ ಭಾಗಗಳ ದೂರವನ್ನು. ಹಿಂದಕ್ಕೆ ಚಾಚಿಕೊಂಡ ಕಬ್ಬಿನ ತುದಿ ಅದಕ್ಕಿಂತ ಒಂದೂವರೆ ಮೀಟರ್ ಹತ್ತಿರ ಇರಬಹುದು. ಲಾರಿಯ ಹಿಂದೆ ಚಾಚಿದ ಕಬ್ಬಿಣದ ಸರಳುಗಳದ್ದೂ ಇದೇ ಕಥೆ; ಲೋಹವೇ ಆದರೂ ಅವುಗಳ ತೆಳ್ಳಗಿನ ತುದಿಯಿಂದ ಮರಳುವ ಅಲೆ ಕಡಿಮೆ. ಇಂಥವುಗಳ ಹಿಂದೆ ಕ್ರೂಸ್ ಬೇಡವೇ ಬೇಡ.

ಸಾಮಾನ್ಯ ಹಿಂಬಾಲಿಕೆಯಲ್ಲಿ ಮಾತ್ರ ಯಂತ್ರ ತುಂಬ ಒಳ್ಳೆಯ ಕೆಲಸಗಾರ. ಮುಂದಿನ ಗಾಡಿಯಿಂದ ಇಡಬೇಕಾದ ಅಂತರವನ್ನು ಸ್ಟೇರಿಂಗ್ ಮೇಲಿನ ಗುಂಡಿಯಲ್ಲಿ ಆರಿಸುವಾಗ ಒಂದು, ಎರಡು, ಮೂರು ಗೆರೆ ಬರುತ್ತವಲ್ಲ, ಅವು ಮೀಟರುಗಳಲ್ಲ, ಸೆಕೆಂಡುಗಳು; ಕಾರಿನಿಂದ ಕಾರಿಗೆ ಬದಲಾದರೂ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸೆಕೆಂಡಿನೊಳಗೆ. 100ರಲ್ಲಿ 1.8 ಸೆಕೆಂಡ್ ಎಂದರೆ 50 ಮೀಟರ್. ಮುಂದಿನ ಗಾಡಿ ನಿಧಾನವಾದರೆ ರಾಡಾರ್ ಘಟಕ ಮೊದಲು ಎಂಜಿನ್ನಿನ ಶಕ್ತಿ ಇಳಿಸಲು ಕೇಳುತ್ತದೆ. ಸಾಲದಿದ್ದರೆ, ಚಕ್ರ ಕಚ್ಚಿಕೊಳ್ಳದಂತೆ, ಕಾರು ಜಾರದಂತೆ ನೋಡಿಕೊಳ್ಳುವ ಎಬಿಎಸ್, ಇಎಸ್‌ಪಿ ಘಟಕದ ಪಂಪು ಬ್ರೇಕ್ ಎಣ್ಣೆಗೆ ಒತ್ತಡ ಕೊಡುತ್ತದೆ; ಹಿಂದಿನ ಬ್ರೇಕ್ ದೀಪವೂ ಉರಿಯುತ್ತದೆ. ವಿದ್ಯುತ್ ಕಾರಿನಲ್ಲಿ ಬ್ರೇಕಿನ ಮೊದಲ ಪಾಲನ್ನು ಮೋಟಾರೇ ಹೊತ್ತು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. 50ರಲ್ಲಿ ಹೋಗುವ ಲಾರಿಯ ಹಿಂದೆ 100ರಲ್ಲಿ ಬಂದರೆ, ಮೆತ್ತಗಿನ 3 ಮೀಟರ್ ಬ್ರೇಕಿನಲ್ಲಿ ವೇಗ ಸಮವಾಗಲು ಅಂತರದಲ್ಲಿ 32 ಮೀಟರ್ ಖರ್ಚಾಗುತ್ತದೆ. ಕೊನೆಗೆ ಉಳಿಯಬೇಕಾದ 25 ಮೀಟರ್, ತೀರ್ಮಾನದ ಒಂದು ಸೆಕೆಂಡಿಗೆ 14 ಮೀಟರ್ ಸೇರಿಸಿದರೂ ಸುಮಾರು 70. ರಾಡಾರಿನ ನೋಟ 150 ಮೀಟರ್ ದಾಟುವುದರಿಂದ ಇದು ಆರಾಮಾಗಿ ಆಗುವ ಕೆಲಸ.

ತಿರುವು ಬಂದಾಗ ಕಷ್ಟ ಶುರು. 600 ಮೀಟರ್ ತ್ರಿಜ್ಯದ ತಿರುವು ನಮ್ಮ ಕಣ್ಣಿಗೆ ತಿರುವೇ ಅಲ್ಲ. ಆದರೂ ನಿಮ್ಮದೇ ಲೇನಿನಲ್ಲಿ 60 ಮೀಟರ್ ಮುಂದಿರುವ ಕಾರು ನಿಮ್ಮ ಮೂತಿಯ ನೇರದಿಂದ 3 ಮೀಟರ್ ಪಕ್ಕಕ್ಕೆ ಇರುತ್ತದೆ, ಅಂದರೆ ಹತ್ತಿರ ಹತ್ತಿರ ಒಂದು ಲೇನಿನಷ್ಟು. ಕಾರು ತಾನು ತಿರುಗುತ್ತಿರುವ ಪ್ರಮಾಣವನ್ನು ಸಂವೇದಕದಿಂದ ಅಳೆದು ಇದನ್ನು ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಲೇನ್ ಗೆರೆ ಕಂಡರೆ ಅದೂ ನೆರವಾಗುತ್ತದೆ. ಆದರೆ ತಿರುವಿನ ಬಾಯಲ್ಲಿ, ಸ್ಟೇರಿಂಗ್ ಇನ್ನೂ ನೇರ ಇರುವಾಗ, ಪಕ್ಕದ ಲೇನಿನ ಲಾರಿ ತನ್ನ ಮುಂದೆಯೇ ಇದೆ ಎಂದು ಕಾರು ನಂಬುತ್ತದೆ. ಕಾರಣವಿಲ್ಲದೆ ಬಿತ್ತು ಎನ್ನಿಸುವ ಬ್ರೇಕುಗಳಲ್ಲಿ ಬಹಳಷ್ಟು ಇಂಥವೇ. ಇನ್ನು ಶಿರಾಡಿ, ಚಾರ್ಮಾಡಿ ಘಾಟಿಗಳ 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 30 ಮೀಟರ್ ಮುಂದಿನ ಗಾಡಿ 17 ಡಿಗ್ರಿ ಪಕ್ಕಕ್ಕೆ ಹೋಗಿರುತ್ತದೆ. ನೋಟದಿಂದ ಅದು ಜಾರಿದರೆ ಕಾರು ವೇಗ ಹೆಚ್ಚಿಸಲು ಹೊರಡುತ್ತದೆ. ಘಾಟಿಯಲ್ಲಿ ಆಫ್ ಮಾಡಿ.

ಈಗ ಹೆಚ್ಚು ಜನ ಗಮನಿಸದ, ನಮ್ಮ ಗ್ಯಾರೇಜುಗಳಲ್ಲಿ ದಿನವೂ ಆಗುವ ತಪ್ಪಿಗೆ ಬರೋಣ. ಬಂಪರಿಗೆ ಸಣ್ಣ ಪೆಟ್ಟು ಬಿತ್ತು, ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದಿರಿ. ಹೊರಗೆ ಹೊಸದರಂತೆ ಇದೆ. ಒಳಗೆ ರಾಡಾರಿನ ಬ್ರಾಕೆಟ್ ಒಂದೇ ಒಂದು ಡಿಗ್ರಿ ಬಾಗಿದೆ. 100 ಮೀಟರ್ ದೂರದಲ್ಲಿ ಒಂದು ಡಿಗ್ರಿ ಎಂದರೆ 1.75 ಮೀಟರ್, ಸರಿಯಾಗಿ ಅರ್ಧ ಲೇನು. ನಿಮ್ಮ ಲೇನಿನ ಕಾರನ್ನು ತಡವಾಗಿ ಹಿಡಿಯುತ್ತದೆ, ಪಕ್ಕದ ಲೇನಿನ ಲಾರಿಗೆ ಬ್ರೇಕ್ ಹಾಕುತ್ತದೆ. ಸಣ್ಣ ಓರೆಯನ್ನು ರಾಡಾರ್ ಓಡುತ್ತಾ ತಾನೇ ತಿದ್ದಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ.

ರಾಡಾರಿನ ಮುಂದಿನ ಪ್ಲಾಸ್ಟಿಕ್ ಬರೀ ಮುಚ್ಚಳವಲ್ಲ. ಅದರ ದಪ್ಪವನ್ನು ಅಲೆಯ ಉದ್ದಕ್ಕೆ ಹೊಂದಿಸಿ ಮಾಡಿರುತ್ತಾರೆ. ಪ್ಲಾಸ್ಟಿಕ್ಕಿನೊಳಗೆ ಅಲೆಯ ಉದ್ದ ಎರಡೂವರೆ ಮಿಲಿಮೀಟರಿನ ಆಸುಪಾಸು. ಅದರ ಮೇಲೆ ಒಂದು ಮಿಲಿಮೀಟರ್ ಪುಟ್ಟಿ ಬಿದ್ದರೆ, ಲೋಹದ ಪುಡಿಯಿರುವ ಮೆಟಾಲಿಕ್ ಪೇಂಟಿನ ನಾಲ್ಕು ಪದರ ಏರಿದರೆ, ಅಲೆಯ ಒಂದು ಪಾಲು ಅಲ್ಲೇ ಹಿಂದಿರುಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ನಷ್ಟ ಎರಡು ಸಲ. ಮರಳುವ ಶಕ್ತಿಯಂತೂ ದೂರ ಎರಡು ಪಟ್ಟಾದರೆ ಹದಿನಾರನೇ ಒಂದು ಭಾಗಕ್ಕೆ ಇಳಿಯುವಂಥದ್ದು. ಹೀಗೆ ದುರ್ಬಲವಾದ ರಾಡಾರಿಗೆ ಮೊದಲು ಕಾಣದಂತಾಗುವುದು ಬೈಕುಗಳು, ಲೋಹ ಕಡಿಮೆ ಇರುವುದರಿಂದ. ರಾಡಾರ್ ಇರುವ ಜಾಗದಲ್ಲಿ ಪುಟ್ಟಿ ಬೇಡ, ಬಂಪರೇ ಬದಲಾಗಲಿ. ಲಾಂಛನದ ಹಿಂದೆ ರಾಡಾರ್ ಇದ್ದರೆ ಅಂಗಡಿಯಲ್ಲಿ ಸಿಗುವ ಕಪ್ಪು ಅಥವಾ ಕ್ರೋಮ್ ಲಾಂಛನ ಅಂಟಿಸಬೇಡಿ. ಮುಂದೆ ಕಬ್ಬಿಣದ ಗಾರ್ಡ್, ಸ್ಟಿಕ್ಕರ್, ಪೂಜೆಯ ದಿನ ಕಟ್ಟಿ ಮರೆತ ಹಾರ ಯಾವುದೂ ಅದಕ್ಕೆ ಅಡ್ಡ ಬರಬಾರದು. ಮಳೆಯ ಹನಿಗಿಂತಲೂ ಮುಚ್ಚಳದ ಮೇಲೆ ಹರಡಿ ನಿಂತ ನೀರಿನ ಪೊರೆ, ಕೆಸರು ಹೆಚ್ಚು ಕೆಡಿಸುತ್ತವೆ. “ರಾಡಾರ್ ಬ್ಲಾಕ್ಡ್” ಎಂಬ ಸೂಚನೆ ಬಂದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ.

ಬಂಪರ್ ಬಿಚ್ಚಿದ್ದರೆ, ರಾಡಾರ್ ಕಳಚಿದ್ದರೆ ಕ್ಯಾಲಿಬ್ರೇಷನ್, ಅಂದರೆ ರಾಡಾರಿನ ದಿಕ್ಕನ್ನು ಮತ್ತೆ ಸರಿಯಾಗಿ ಹೊಂದಿಸುವ ಕೆಲಸ, ಆಗಲೇಬೇಕು. ಚಕ್ರದ ಅಲೈನ್‌ಮೆಂಟ್ ಬದಲಾದಾಗಲೂ ಒಮ್ಮೆ ತಪಾಸಣೆ ಮಾಡಿಸಿ. ಕ್ರಮ ಹೀಗೆ: ಮೊದಲು ಟೈರಿನ ಗಾಳಿ ಸರಿಮಾಡಿ, ಡಿಕ್ಕಿ ಖಾಲಿ ಮಾಡಿ, ವೀಲ್ ಅಲೈನ್‌ಮೆಂಟ್ ಮುಗಿಸಬೇಕು. ಕಾರು ನಿಜವಾಗಿ ಹೋಗುವ ದಿಕ್ಕನ್ನು ಹಿಂದಿನ ಅಚ್ಚು ತೀರ್ಮಾನಿಸುವುದರಿಂದ ರಾಡಾರನ್ನು ಹೊಂದಿಸಬೇಕಾದ್ದು ಆ ದಿಕ್ಕಿಗೆ, ಬಾನೆಟ್ಟಿನ ನೇರಕ್ಕಲ್ಲ. ಆಮೇಲೆ ಮಟ್ಟಸವಾದ ನೆಲದಲ್ಲಿ, ತಯಾರಕರು ಹೇಳಿದ ದೂರಕ್ಕೆ ಲೋಹದ ಮೂರು ಮುಖದ ಪ್ರತಿಫಲಕ ನಿಲ್ಲಿಸಿ ಸ್ಕ್ಯಾನರಿನಿಂದ ಹೊಂದಿಸುತ್ತಾರೆ. ಕೆಲವು ಕಾರುಗಳಿಗೆ ಇದರ ಬದಲು ಸ್ಕ್ಯಾನರ್ ಜೋಡಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಬೇಕು. ಬಿಲ್ಲಿನಲ್ಲಿ ಈ ಕೆಲಸದ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ, ಕೊನೆಯಲ್ಲಿ ಎಷ್ಟು ಡಿಗ್ರಿ ಓರೆ ಉಳಿಯಿತೆಂಬ ಸಂಖ್ಯೆಯನ್ನೂ ಬರೆಸಿಕೊಳ್ಳಿ.

ಟೋಲ್ ಗೇಟು ಬರುವ ಅರ್ಧ ಕಿಲೋಮೀಟರ್ ಮೊದಲೇ ಕ್ರೂಸ್ ರದ್ದು ಮಾಡುವುದು ಒಳ್ಳೆಯದು. ಅಡ್ಡಗೋಲು ತೆಳ್ಳಗಿನದು, ರಾಡಾರಿಗೆ ಕಾಣದು. ಮುಂದಿನ ಕಾರು ಫಾಸ್ಟ್ಯಾಗ್ ಓದಿಸಿ ಹೊರಟರೆ ನಿಮ್ಮದೂ ಹೊರಡುತ್ತದೆ. ಹಂಪು, ಗುಂಡಿಗಳೂ ಅದಕ್ಕೆ ಕಾಣುವುದಿಲ್ಲ. ಅಡ್ಡ ದಾಟುವ ದನದ ವೇಗ ರಾಡಾರಿನ ನೇರಕ್ಕೆ ಇಲ್ಲವಾದ್ದರಿಂದ ಅದೂ ನಿಂತ ವಸ್ತುಗಳ ಗುಂಪಿಗೇ ಸೇರಬಹುದು. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವಾಗ ಮುಂದಿನ ಗಾಡಿ ನೇರ ಹೋದರೆ, ಇಳಿಜಾರಿನ ತಿರುವಿನಲ್ಲೇ ಕಾರು 100ಕ್ಕೆ ಏರಲು ನೋಡುತ್ತದೆ. ಕೊನೆಯದು ಪಾದದ ವಿಷಯ: ಕ್ರೂಸ್ ಓಡುತ್ತಿರುವಾಗ ಆಕ್ಸಿಲರೇಟರ್ ಮೇಲೆ ಕಾಲು ಊರಿಕೊಂಡು ಕೂರಬೇಡಿ. ಪೆಡಲ್ ಒತ್ತಿದಷ್ಟು ಹೊತ್ತೂ ಚಾಲಕನೇ ವೇಗ ಕೇಳುತ್ತಿದ್ದಾನೆ ಎಂದು ತಿಳಿದು ಕ್ರೂಸ್ ಬ್ರೇಕ್ ಹಾಕುವುದಿಲ್ಲ. ಕಾಲು ಬ್ರೇಕ್ ಪೆಡಲಿನ ಎದುರಿಗೆ, ನೆಲದ ಮೇಲೆ ಇರಲಿ.