ಹತ್ತು ಶೃಂಗದವರೆಗೆ ಪರೀಕ್ಷಿಸಿದರೆ ಪ್ರಮೇಯ ಆಯಿತೇ?

ಪ್ರಶ್ನೆ: ಮೆಕಾಲೆ2ನಂಥ ಬೀಜಗಣಿತದ ಸಾಫ್ಟ್‌ವೇರ್ ಎಲ್ಲ ಲೆಕ್ಕವನ್ನೂ ಮಾಡಿಕೊಡುತ್ತದೆ. ಹಾಗಿರುವಾಗ ಕಮ್ಯುಟೇಟಿವ್ ಆಲ್ಜೀಬ್ರಾ ಮತ್ತು ಕಾಂಬಿನೇಟೋರಿಕ್ಸ್ ಸಂಶೋಧಕರಿಗೆ ಇನ್ನೇನು ಕೆಲಸ?

ಮತ್ತೆ ಇದೇ ಪ್ರಶ್ನೆ! ಲೆಕ್ಕ ಮಾಡುವುದು ಸಾಫ್ಟ್‌ವೇರ್ ಕೆಲಸ, ಸಾಧಿಸುವುದು, ಎಂದರೆ ಪುರಾವೆ ಕೊಡುವುದು, ಸಂಶೋಧಕರ ಕೆಲಸ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. "ಸಣ್ಣ ಗ್ರಾಫ್‌ಗಳನ್ನೆಲ್ಲ ಪರೀಕ್ಷಿಸಿ ನೋಡಿದೆವಲ್ಲ, ಇನ್ನೇನು ಸಾಧಿಸುವುದು?" ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಈ ನಂಬಿಕೆಯನ್ನೇ ಈ ಸಲ ಬಿಡಿಸಿ ನೋಡೋಣ.

ಗ್ರಾಫ್ ಎಂದರೆ ಕೆಲವು ಬಿಂದುಗಳು (ಶೃಂಗಗಳು) ಮತ್ತು ಅವುಗಳ ಕೆಲವು ಜೋಡಿಗಳನ್ನು ಸೇರಿಸುವ ಗೆರೆಗಳು (ಅಂಚುಗಳು). ಪ್ರತಿ ಶೃಂಗಕ್ಕೂ ಒಂದು ಚರಾಕ್ಷರ ಕೊಡಿ. ಪ್ರತಿ ಅಂಚಿಗೂ ಅದರ ಎರಡು ತುದಿಗಳ ಗುಣಲಬ್ಧ ಬರೆಯಿರಿ. ಈ ಗುಣಲಬ್ಧಗಳಿಂದ ಹುಟ್ಟುವ ಐಡಿಯಲ್ಲೇ (ಇವನ್ನು ಬಹುಪದಗಳಿಂದ ಗುಣಿಸಿ ಕೂಡಿದಾಗ ಸಿಗುವ ಎಲ್ಲ ಬಹುಪದಗಳ ಗಣ) ಎಡ್ಜ್ ಐಡಿಯಲ್. ತ್ರಿಕೋನಕ್ಕಾದರೆ ಕಖ, ಖಗ, ಕಗ ಎಂಬ ಮೂರು ಜನಕಗಳು. ಇವುಗಳ ನಡುವೆ ಸಂಬಂಧಗಳಿವೆ: ಗ×ಕಖ = ಕ×ಖಗ, ಕ×ಖಗ = ಖ×ಕಗ. ಮೂರನೆಯದು ಈ ಎರಡರಿಂದಲೇ ಬರುತ್ತದೆ, ಹಾಗಾಗಿ ಲೆಕ್ಕಕ್ಕೆ ಎರಡೇ. ದೊಡ್ಡ ಗ್ರಾಫ್‌ಗಳಲ್ಲಿ ಸಂಬಂಧಗಳ ನಡುವೆಯೂ ಸಂಬಂಧಗಳಿರುತ್ತವೆ. ಈ ಹಂತಗಳ ಸರಪಳಿಯೇ ರೆಸಲ್ಯೂಶನ್. ಪ್ರತಿ ಹಂತದಲ್ಲೂ ಕನಿಷ್ಠ ಎಷ್ಟು ಬೇಕೆಂದು ಹೇಳುವುದು ಬೆಟ್ಟಿ ಸಂಖ್ಯೆ.

ಈಗ ಪ್ರಶ್ನೆ: ಸಹಗುಣಕಗಳನ್ನು ಭಾಗಲಬ್ಧ ಸಂಖ್ಯೆಗಳಿಂದ ತೆಗೆದುಕೊಂಡರೂ, 1+1=0 ಆಗುವ ಎರಡೇ ಅಂಶಗಳ ಫೀಲ್ಡ್‌ನಿಂದ (ಫೀಲ್ಡ್ ಎಂದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯಾವ್ಯವಸ್ಥೆ) ತೆಗೆದುಕೊಂಡರೂ ಬೆಟ್ಟಿ ಸಂಖ್ಯೆಗಳು ಒಂದೇ ಇರುತ್ತವೆಯೇ? 10 ಶೃಂಗಗಳ ಗ್ರಾಫ್‌ಗಳೇ 1,20,05,168 ಇವೆ. ಒಂದೂ ಬಿಡದೆ ಎಲ್ಲವನ್ನೂ ಪರೀಕ್ಷಿಸಿ, ಉತ್ತರ "ಹೌದು" ಎಂದೇ ಬರುತ್ತದೆ. ಒಂದೂಕಾಲು ಕೋಟಿಯ ಹತ್ತಿರದ ಸಾಕ್ಷ್ಯ! ಆದರೂ ಹೇಳಿಕೆ ತಪ್ಪು. 11 ಶೃಂಗಗಳಿಗೆ ಹೋದ ಕೂಡಲೇ ಅದು ಮುರಿಯುತ್ತದೆ. 2006ರಲ್ಲಿ ಗಣಿತಜ್ಞ ಕಾಟ್ಜ್‌ಮನ್ ಪ್ರಕಟಿಸಿದ ಫಲಿತಾಂಶವಿದು: 10ರವರೆಗೆ ವ್ಯತ್ಯಾಸವೇ ಇಲ್ಲ, 11ರಲ್ಲಿ ನಾಲ್ಕು ಗ್ರಾಫ್‌ಗಳು ಕೈಕೊಡುತ್ತವೆ. 11 ಶೃಂಗಗಳ ಗ್ರಾಫ್‌ಗಳು ನೂರು ಕೋಟಿಗೂ ಹೆಚ್ಚು. ಅಲ್ಲಲ್ಲಿ ಕೆಲವನ್ನು ಆರಿಸಿ ನೋಡಿದವರಿಗೆ ಆ ನಾಲ್ಕು ಸಿಗುವ ಸಂಭವ ಎಷ್ಟೆಂದು ನೀವೇ ಊಹಿಸಿ.

ಕಾರಣ ಟೋಪಾಲಜಿಯಲ್ಲಿದೆ. ಹಾಕ್‌ಸ್ಟರ್ ಸೂತ್ರದ ಪ್ರಕಾರ ಈ ಬೆಟ್ಟಿ ಸಂಖ್ಯೆಗಳು ಒಂದು ಸಿಂಪ್ಲಿಶಿಯಲ್ ಕಾಂಪ್ಲೆಕ್ಸ್‌ನ (ಬಿಂದು, ಅಂಚು, ತ್ರಿಕೋನ ಇತ್ಯಾದಿಗಳನ್ನು ಅಂಟಿಸಿ ಕಟ್ಟಿದ ಆಕೃತಿಯ) ತುಂಡುಗಳ ಹೋಮಾಲಜಿಯಿಂದ, ಎಂದರೆ ಅವುಗಳ ರಂಧ್ರಗಳ ಲೆಕ್ಕದಿಂದ, ಬರುತ್ತವೆ. ಅಲ್ಲಿ ಟಾರ್ಶನ್ (ಒಂದು ಸಲ ಸುತ್ತಿದರೆ ರಂಧ್ರವೆನಿಸಿ, ಎರಡೋ ಮೂರೋ ಸಲ ಸುತ್ತಿದರೆ ಇಲ್ಲವಾಗುವ ತಿರುಚು) ಇದ್ದರೆ ಫೀಲ್ಡ್ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಗ್ರಾಫ್‌ಗಳ ಹಂಗಿಲ್ಲದೆ ನೋಡಿದರೆ 6 ಶೃಂಗಗಳೇ ಸಾಕು. ಪ್ರೊಜೆಕ್ಟಿವ್ ಸಮತಲವನ್ನು 6 ಶೃಂಗ, 15 ಅಂಚು, 10 ತ್ರಿಕೋನಗಳಲ್ಲಿ ಕಟ್ಟಬಹುದು. ಅದರ ಸ್ಟ್ಯಾನ್ಲಿ–ರೈಸ್ನರ್ ರಿಂಗ್‌ನ (ಆಕೃತಿಯನ್ನು ಬಹುಪದಗಳಲ್ಲಿ ಬರೆಯುವ ರಚನೆಯ) ಬೆಟ್ಟಿ ಸಂಖ್ಯೆಗಳು ಭಾಗಲಬ್ಧಗಳ ಮೇಲೆ 1, 10, 15, 6. ಎರಡು ಅಂಶಗಳ ಫೀಲ್ಡ್ ಮೇಲೆ 1, 10, 15, 7, 1. ಒಂದು ಹಂತವೇ ಹೆಚ್ಚಾಯಿತು, ರಿಂಗ್ ಅಚ್ಚುಕಟ್ಟಾಗಿದೆ ಎಂದು ಹೇಳುವ ಕೊಹೆನ್–ಮೆಕಾಲೆ ಗುಣವೂ ಹೋಯಿತು.

ಬಹಳ ಮಂದಿ ಎಡವುವುದು ಇಲ್ಲೇ. ಭಾಗಲಬ್ಧಗಳಲ್ಲಿ ಸಹಗುಣಕಗಳು ಊದಿಕೊಂಡು ಲೆಕ್ಕ ನಿಧಾನವಾಗುತ್ತದೆಂದು ಅಭ್ಯಾಸಬಲದಿಂದ 32003 ಎಂಬ ಅವಿಭಾಜ್ಯವನ್ನು ಹಾಕಿ, ಅಷ್ಟೇ ಅಂಶಗಳ ಫೀಲ್ಡ್‌ನಲ್ಲಿ ಲೆಕ್ಕ ಮಾಡಿಬಿಡುತ್ತಾರೆ. 2ರಲ್ಲಿ ಮಾತ್ರ ಕಾಣುವ ದೋಷ ಅಲ್ಲಿ ಕಾಣುವುದೇ ಇಲ್ಲ. 2, 3 ಮತ್ತು ಒಂದು ದೊಡ್ಡ ಅವಿಭಾಜ್ಯ, ಮೂರರಲ್ಲೂ ಓಡಿಸಿ. ಅದಕ್ಕಿಂತ ಒಳ್ಳೆಯದು ಪೂರ್ಣಾಂಕಗಳ ಮೇಲೆ ಹೋಮಾಲಜಿ ತೆಗೆದು ಟಾರ್ಶನ್ ನೋಡುವುದು.

ಹಾಗಾದರೆ ಸಾಧಿಸಿದ್ದು ಹೇಗಿರುತ್ತದೆ? ಫ್ರೋಬರ್ಗ್ 1990ರಲ್ಲಿ ತೋರಿಸಿದ್ದು ನೋಡಿ: ಎಡ್ಜ್ ಐಡಿಯಲ್‌ನ ರೆಸಲ್ಯೂಶನ್ ರೇಖೀಯವಾಗಿರಬೇಕಾದರೆ (ಎಲ್ಲ ಹಂತದ ಸಂಬಂಧಗಳಲ್ಲೂ ಗುಣಕಗಳು ಒಂದನೇ ಘಾತದವೇ ಆಗಿರಬೇಕಾದರೆ) ಪೂರಕ ಗ್ರಾಫ್‌ನಲ್ಲಿ (ಮೂಲದಲ್ಲಿಲ್ಲದ ಅಂಚುಗಳಷ್ಟೇ ಇರುವ ಗ್ರಾಫ್‌ನಲ್ಲಿ) ನಾಲ್ಕು ಅಥವಾ ಹೆಚ್ಚು ಶೃಂಗಗಳ ಪ್ರತಿ ಚಕ್ರಕ್ಕೂ ಅಡ್ಡ ಅಂಚಿರಬೇಕು, ಇದ್ದರೆ ಅಷ್ಟೇ ಸಾಕು. ಶೃಂಗ ಎಷ್ಟಾದರೂ ಇರಲಿ, ಫೀಲ್ಡ್ ಯಾವುದಾದರೂ ಇರಲಿ. 1975ರಲ್ಲಿ ಸ್ಟ್ಯಾನ್ಲಿ ಗೋಳಗಳ ಮೇಲ್ಮಿತಿ ಊಹೆಯನ್ನು (ಇಷ್ಟು ಶೃಂಗಗಳಿಂದ ಕಟ್ಟಿದ ಗೋಳಕ್ಕೆ ಹೆಚ್ಚೆಂದರೆ ಎಷ್ಟು ಮುಖಗಳು ಎಂಬುದನ್ನು) ಕೊಹೆನ್–ಮೆಕಾಲೆ ರಿಂಗ್‌ಗಳಿಂದ ಬಿಡಿಸಿದ್ದೂ ಇದೇ ಜಾತಿಯ ಕೆಲಸ.

ಲೆಕ್ಕ ಓಡಿಸಿದವರ ಹೆಸರು ಪ್ರಬಂಧದಲ್ಲಿ ಎಲ್ಲಿ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಗಣಿತದಲ್ಲಿ ಲೇಖಕರ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತವೆ. ಮೊದಲ ಹೆಸರು ನೋಡಿ ಯಾರ ಕೆಲಸ ಹೆಚ್ಚೆಂದು ಅಳೆಯುವ ಬೇರೆ ವಿಭಾಗದ ಆಯ್ಕೆ ಸಮಿತಿಗಳಿಗೆ ಇದನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ತಿಳಿಸಿಬಿಡಿ. ಪ್ರಬಂಧದ ಜೊತೆ ಕೋಡ್ ಕೊಡುವಾಗ ಸಾಫ್ಟ್‌ವೇರ್‌ನ ಆವೃತ್ತಿ, ಬಳಸಿದ ಫೀಲ್ಡ್, ಯಾದೃಚ್ಛಿಕ ಉದಾಹರಣೆಗಳಾದರೆ ಸೀಡ್ ಸಂಖ್ಯೆ, ಮೂರನ್ನೂ ಬರೆಯಿರಿ. ಫೀಲ್ಡ್ ಬರೆಯದ ಬೆಟ್ಟಿ ಪಟ್ಟಿಯನ್ನು ಪರಿಶೀಲಕರು ಹಿಂದಕ್ಕೆ ಕಳಿಸಿದರೆ ಅದು ಅವರ ತಪ್ಪಲ್ಲ.