ಮೂರನೆಯ ಚೀಲ ಬೇಡ ಎಂದದ್ದೇಕೆ?

ಮಳೆಗಾಲದ ಒಂದು ರಾತ್ರಿ ನಮ್ಮ ಅತ್ತಿಗೆಗೆ ತೀರ್ಥಹಳ್ಳಿಯಲ್ಲಿ ಹೆರಿಗೆಯಾಯಿತು. ರಕ್ತಸ್ರಾವ ನಿಲ್ಲಲಿಲ್ಲ. ಒಂದು ಚುಚ್ಚುಮದ್ದು ಕೊಟ್ಟು ಆಂಬುಲೆನ್ಸ್ ಹತ್ತಿಸಿದರು. ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ಅಲ್ಲಿ ರಕ್ತದ ಚೀಲ ಬಂದ ಮೇಲೂ ಇಬ್ಬರು ನರ್ಸ್‌ಗಳು ಹಾಸಿಗೆಯ ಪಕ್ಕ ನಿಂತು, ಒಬ್ಬರು ಚೀಟಿ ಓದುತ್ತ, ಇನ್ನೊಬ್ಬರು ಕೇಸ್ ಶೀಟ್ ಮೇಲೆ ಬೆರಳಾಡಿಸುತ್ತ ತಾಳೆ ನೋಡಿದರು: ಹೆಸರು, ಗುಂಪು, ಚೀಲದ ಸಂಖ್ಯೆ, ಅವಧಿ. ಬೇಗ ಏರಿಸಿ ಎಂದು ಅಣ್ಣ ಗೋಗರೆದರೂ ಅವರು ಒಂದು ಸಾಲನ್ನೂ ಹಾರಿಸಲಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಬ್ಲಂಡೆಲ್ 1818ರಲ್ಲಿ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಏರಿಸಲು ಹೊರಟದ್ದೂ ರಕ್ತ ಹರಿದು ಸಾಯುತ್ತಿದ್ದ ಬಾಣಂತಿಯರನ್ನು ಕಂಡೇ. ಕೆಲವರು ಬದುಕಿದರು, ಕೆಲವರು ಸತ್ತರು. ಏಕೆಂದು ಯಾರಿಗೂ ಹೊಳೆಯಲಿಲ್ಲ. 1901ರಲ್ಲಿ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟರು. ಮುಂದೆ ಸಿಟ್ರೇಟ್ ಎಂಬ ಲವಣ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ತಿಳಿದ ಮೇಲೆ ಅದನ್ನು ಕೂಡಿಡುವುದು ಸಾಧ್ಯವಾಯಿತು.

ಕೂಡಿಟ್ಟ ರಕ್ತದ ಜೊತೆ ಸೋಂಕೂ ಬಂತು. ನಮ್ಮಲ್ಲಿ ಬಡವರು ಹಣಕ್ಕಾಗಿ ಮತ್ತೆ ಮತ್ತೆ ರಕ್ತ ಮಾರಿಕೊಳ್ಳುತ್ತಿದ್ದ ಕಾಲವಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಅದಕ್ಕೆ ನಿಷೇಧ ಬಿತ್ತು. ಈಗ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ.

ಎರಡು ಚೀಲ ಮುಗಿದ ಮೇಲೆ ಅಣ್ಣ ಮೂರನೆಯದಕ್ಕೂ ದಾನಿಯನ್ನು ಕರೆತಂದ. ವೈದ್ಯರು ಬೇಡವೆಂದರು. ಸ್ರಾವ ನಿಂತಿದೆ, ಹಿಮೋಗ್ಲೋಬಿನ್ ಎಂಟಿದೆ, ಉಳಿದದ್ದನ್ನು ಕಬ್ಬಿಣಾಂಶದ ಮಾತ್ರೆ ನೋಡಿಕೊಳ್ಳುತ್ತದೆ ಎಂದರು. ಅವನಿಗೆ ಸಿಟ್ಟೇ ಬಂತು. ‘ಒಂದು ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ’ ಎಂಬ ನಂಬಿಕೆ ಮಲೆನಾಡಿನಲ್ಲಿ ಇನ್ನೂ ಗಟ್ಟಿಯಾಗಿದೆ. ವೈದ್ಯಲೋಕವೂ ಬಹುಕಾಲ ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿಳಿದರೆ ಏರಿಸಬೇಕು ಎಂದೇ ನಂಬಿತ್ತು. 1999ರಲ್ಲಿ ಕೆನಡಾದ ಸಂಶೋಧಕರು ತೀವ್ರ ನಿಗಾ ಘಟಕದ 838 ರೋಗಿಗಳ ಅಧ್ಯಯನ ಪ್ರಕಟಿಸಿದರು. ಏಳಕ್ಕಿಂತ ಇಳಿದಾಗ ಮಾತ್ರ ರಕ್ತ ಪಡೆದವರು ಬದುಕುಳಿಯುವುದರಲ್ಲಿ ಹೆಚ್ಚು ಪಡೆದವರಿಗಿಂತ ಹಿಂದೆ ಬೀಳಲಿಲ್ಲ. ಅನಗತ್ಯವಾದ ಒಂದೊಂದು ಚೀಲವೂ ಅಲರ್ಜಿಗೆ, ಶ್ವಾಸಕೋಶದಲ್ಲಿ ನೀರು ತುಂಬುವುದಕ್ಕೆ ದಾರಿ. ಆ ವೈದ್ಯರು ಮಾಡಿದ್ದು ಜಿಪುಣತನವಲ್ಲ, ಆರೈಕೆ.

ತೀರ್ಥಹಳ್ಳಿಯಲ್ಲಿ ಕೊಟ್ಟ ಚುಚ್ಚುಮದ್ದು ಟ್ರಾನೆಕ್ಸಾಮಿಕ್ ಆಮ್ಲ. ಕಟ್ಟಿದ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 2017ರಲ್ಲಿ ಪ್ರಕಟವಾದ, 20,060 ಮಹಿಳೆಯರ ಅಧ್ಯಯನದಲ್ಲಿ, ಹೆರಿಗೆಯಾದ ಮೂರು ಗಂಟೆಯೊಳಗೆ ಇದನ್ನು ಪಡೆದವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು. ತಡವಾದರೆ ಪ್ರಯೋಜನವಿಲ್ಲ. ನಮ್ಮ ಘಟ್ಟದ ತಿರುವುಗಳಿಗೆ, ಮರ ಬಿದ್ದು ಮುಚ್ಚುವ ರಸ್ತೆಗಳಿಗೆ ಇದಕ್ಕಿಂತ ಹೊಂದುವ ಔಷಧಿ ಬೇರೆ ಯಾವುದಿದೆ? ಅತ್ತಿಗೆಯ ರೆಫರ್ ಚೀಟಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಹೆರಿಗೆಯಾದದ್ದು 9.40ಕ್ಕೆ, ಚುಚ್ಚುಮದ್ದು 10.05ಕ್ಕೆ.