ನಮ್ಮೂರಲ್ಲಿ ರೈಲು ಯಾಕೆ ನಿಲ್ಲುವುದಿಲ್ಲ? ಈ ಪ್ರಶ್ನೆ ಸಂಸತ್ತಿಗೆ ಬಂದ ದಾರಿ

ಲೋಕಸಭೆ, ಬೆಳಿಗ್ಗೆ 11 ಗಂಟೆ. ಒಂದು ಗಂಟೆಯ ಪ್ರಶ್ನೋತ್ತರ ವೇಳೆ ಶುರು. ಸ್ಪೀಕರ್ ಪ್ರಶ್ನೆಯ ಸಂಖ್ಯೆ ಕರೆಯುತ್ತಾರೆ. ಸದಸ್ಯರು ಎದ್ದು ನಿಲ್ಲುತ್ತಾರೆ. ಮಂತ್ರಿಗಳು ಎದ್ದು, ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ ಅನ್ನುತ್ತಾರೆ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಟಿ.ವಿ.ಯಲ್ಲಿ ನೋಡುವವರಿಗೆ ಏನೂ ನಡೆದ ಹಾಗೆ ಅನಿಸುವುದಿಲ್ಲ.

ಆದರೆ ಅಸಲು ಕೆಲಸ ಶುರುವಾಗುವುದೇ ಆಮೇಲೆ. ಮೊದಲ ಉತ್ತರವನ್ನು ಇಲಾಖೆ ಮುಂಚೆಯೇ ಬರೆದು ಕೊಟ್ಟಿರುತ್ತದೆ. ಅದರ ಬೆನ್ನಿಗೆ ಬರುವ ಉಪಪ್ರಶ್ನೆ ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ರೈಲು ಯಾಕೆ ನಿಲ್ಲುವುದಿಲ್ಲ, ಮೇಲ್ಸೇತುವೆ ಯಾಕೆ ಅರ್ಧಕ್ಕೆ ನಿಂತಿದೆ, ಟೋಲ್ ಕೊಟ್ಟರೂ ರಸ್ತೆ ಯಾಕೆ ಹೀಗಿದೆ ಅಂತ ಸದಸ್ಯರು ಕೆದಕಿ ಕೇಳಿದಾಗ ಮಂತ್ರಿಗಳು ನಿಂತಲ್ಲೇ ಉತ್ತರ ಕೊಡಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರಬಹುದು. ಬಾಯಿ ಬಿಡಬೇಕಾದವರು ಮಾತ್ರ ಮಂತ್ರಿಗಳೇ.

ಈ ಹಕ್ಕು ಸುಮ್ನೆ ಸಿಕ್ಕಿದ್ದಲ್ಲ. ಬ್ರಿಟಿಷರ ಕಾಲದ ಶಾಸನ ಸಭೆಯಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟದ್ದು 1892ರ ಕಾಯ್ದೆ. 1893ರ ಫೆಬ್ರವರಿ 16ರಂದು ಭಿಂಗಾದ ಮಹಾರಾಜರು ಮೊದಲ ಪ್ರಶ್ನೆ ಕೇಳಿದರು. ಅದು ಯಾವುದರ ಬಗ್ಗೆ ಗೊತ್ತಾ? ಸರ್ಕಾರಿ ಅಧಿಕಾರಿಗಳು ಪ್ರವಾಸ ಹೊರಟಾಗ ದಾರಿಯ ಹಳ್ಳಿಗಳ ಅಂಗಡಿಯವರು ಅವರಿಗೆ ಸಾಮಾನು ಒದಗಿಸಬೇಕಿತ್ತು. ಅದರಿಂದ ಆಗುತ್ತಿದ್ದ ತೊಂದರೆಯ ಬಗ್ಗೆ. ನಮ್ಮ ದೇಶದ ಶಾಸನ ಸಭೆಯ ಮೊದಲ ಪ್ರಶ್ನೆ ದೊಡ್ಡ ತತ್ವದ ಬಗ್ಗೆ ಇರಲಿಲ್ಲ, ಸಾಹೇಬರ ಕ್ಯಾಂಪಿನಿಂದ ನಷ್ಟಕ್ಕೆ ಬಿದ್ದ ಹಳ್ಳಿ ಅಂಗಡಿಯವರ ಬಗ್ಗೆ ಇತ್ತು. ನನಗೆ ಇದು ತುಂಬಾ ಹಿಡಿಸುವ ಸಂಗತಿ.

ಆಗ ಉಪಪ್ರಶ್ನೆ ಕೇಳುವ ಹಾಗಿರಲಿಲ್ಲ. ಸರ್ಕಾರ ಏನು ಹೇಳಿತೋ ಅದನ್ನು ಕೇಳಿಕೊಂಡು ಕೂರಬೇಕು. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಅವಕಾಶ ಬಂತು. 1919ರ ಸುಧಾರಣೆಯ ನಂತರ ಉಳಿದ ಸದಸ್ಯರಿಗೂ ಅದು ಸಿಕ್ಕಿತು. ಸರಿಯಾದ ಉತ್ತರ ಬರದಿದ್ದರೆ ಮತ್ತೊಮ್ಮೆ ಕೇಳಬಹುದು ಅನ್ನುವಷ್ಟಕ್ಕೇ ಇಷ್ಟು ವರ್ಷ ಬೇಕಾಯಿತು.

ಈಗಿನ ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕಿ ಗುರುತಿನ ಪ್ರಶ್ನೆಗಳು, 230 ಚುಕ್ಕಿ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕಿ ಇದ್ದರೆ ಬಾಯಿಮಾತಿನ ಉತ್ತರ, ಉಪಪ್ರಶ್ನೆಗೂ ದಾರಿ. ಚುಕ್ಕಿ ಇಲ್ಲದಿದ್ದರೆ ಬರಹದ ಉತ್ತರ ಮಾತ್ರ. ಯಾರ ಪ್ರಶ್ನೆ ಮೊದಲು ಅನ್ನುವುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಒಂದು ಗಂಟೆಯಲ್ಲಿ 20 ಪ್ರಶ್ನೆಗಳೂ ಮುಗಿಯುವುದು ಬಹಳ ಅಪರೂಪ. ಸರದಿ ಬಾರದ ಪ್ರಶ್ನೆಗಳ ಉತ್ತರ ಕಾಗದದಲ್ಲೇ ಉಳಿಯುತ್ತದೆ.

ಸಾರಿಗೆಯ ವಿಷಯಕ್ಕೆ ಈ ಒಂದು ಗಂಟೆ ಇನ್ನೂ ಜಾಸ್ತಿ ಮುಖ್ಯ. ಕಾರಣ ಇದೆ. ರೈಲ್ವೆಯ ಸ್ಥಿತಿ ನೋಡಲು ನೇಮಿಸಿದ್ದ ಆಕ್ವರ್ತ್ ಸಮಿತಿಯ ಶಿಫಾರಸಿನಂತೆ 1924ರಲ್ಲಿ ರೈಲ್ವೆಯ ಹಣಕಾಸನ್ನು ಸರ್ಕಾರದ ಸಾಮಾನ್ಯ ಹಣಕಾಸಿನಿಂದ ಬೇರೆ ಮಾಡಿದರು. ಅಲ್ಲಿಂದ ಮುಂದೆ ರೈಲ್ವೆ ಬಜೆಟ್ಟಿಗೆ ಅದರದೇ ದಿನ ಇತ್ತು. ಹೊಸ ಮಾರ್ಗ ಬಂತಾ, ಹೊಸ ರೈಲು ಸಿಕ್ಕಿತಾ ಅಂತ ಜನ ರೇಡಿಯೊ ಮುಂದೆ ಕೂತು ಕಾಯುತ್ತಿದ್ದರು. 2017ರಲ್ಲಿ ಅದನ್ನು ಸಾಮಾನ್ಯ ಬಜೆಟ್ಟಿಗೆ ಸೇರಿಸಲಾಯಿತು. ರೈಲ್ವೆಯ ಲೆಕ್ಕಕ್ಕೆ ಅದು ಒಳ್ಳೆಯದೇ ಇರಬಹುದು. ರೈಲ್ವೆಯ ಅನುದಾನದ ಮೇಲೆ ಚರ್ಚೆ ಈಗಲೂ ಇದೆ. ಆದರೆ ಇಡೀ ದೇಶ ಒಟ್ಟಿಗೆ ರೈಲಿನ ಮಾತಾಡುತ್ತಿದ್ದ ಆ ದಿನ ಹೋಯಿತು. ಸಣ್ಣ ಊರಿನ ಅಹವಾಲಿಗೆ ಉಳಿದ ದೊಡ್ಡ ಬಾಗಿಲು ಪ್ರಶ್ನೋತ್ತರ ವೇಳೆಯೇ ಅಲ್ವಾ?

ಮಂತ್ರಿ ಸದನಕ್ಕೆ ಎಷ್ಟರಮಟ್ಟಿಗೆ ಹೊಣೆ ಅನ್ನುವ ಮಾತು ಬಂದಾಗಲೆಲ್ಲ 1956 ನೆನಪಾಗುತ್ತದೆ. ಆ ವರ್ಷ ಮಹಬೂಬ್‌ನಗರದ ರೈಲು ಅಪಘಾತದ ನಂತರ ಆಗಿನ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಡಲು ಹೋದರು. ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿಯವರು ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ಅದು ಅಂಗೀಕಾರವಾಯಿತು.

ಈ ಗಂಟೆಯನ್ನೇ ಕೈಬಿಟ್ಟ ದಿನಗಳೂ ಇವೆ. 1962ರಲ್ಲಿ ಚೀನಾ ಯುದ್ಧ, 1975ರಲ್ಲಿ ತುರ್ತು ಪರಿಸ್ಥಿತಿ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣಕ್ಕೆ ಬರಹದ ಉತ್ತರಗಳಷ್ಟೇ ಉಳಿದವು. ಗದ್ದಲಕ್ಕೆ ಬಲಿಯಾದ ಬೆಳಗುಗಳು ಇವಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೇ ರಾಜ್ಯಸಭೆ 2014ರಲ್ಲಿ ಪ್ರಶ್ನೋತ್ತರವನ್ನು ಮಧ್ಯಾಹ್ನ 12 ಗಂಟೆಗೆ ಸರಿಸಿತು. ಗದ್ದಲವೂ ಅದರ ಬೆನ್ನಿಗೇ 12 ಗಂಟೆಗೆ ಸರಿಯಿತು. ಪ್ರತಿಭಟನೆಗೆ ಕಾರಣ ಇರುತ್ತದೆ, ಒಪ್ಪುತ್ತೇನೆ. ಆದರೂ ಆ ಬೆಳಿಗ್ಗೆ ಚೀಟಿಯಲ್ಲಿ ಹೆಸರು ಬಂದಿದ್ದ ಸದಸ್ಯರ ಊರಿನವರ ಬಗ್ಗೆ ಯೋಚಿಸಿದರೆ ಸಂಕಟವಾಗುತ್ತದೆ.

ಸರಿ, ಉತ್ತರ ಸಿಕ್ಕಿತು ಅಂದುಕೊಳ್ಳಿ. ರೈಲು ನಿಲುಗಡೆ ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ ಧಾಟಿಯದು: ನಿಲುಗಡೆ ಕೊಡುವುದು ನಿರಂತರ ಪ್ರಕ್ರಿಯೆ, ಪ್ರಯಾಣಿಕರ ಸಂಖ್ಯೆ ಮತ್ತು ಕಾರ್ಯಸಾಧ್ಯತೆ ನೋಡಿಕೊಂಡು ತೀರ್ಮಾನ. ಇಂಥ ಉತ್ತರದಿಂದ ಹಿಡಿಯುವಂಥದ್ದು ಏನೂ ಸಿಗುವುದಿಲ್ಲ. ಅದೇ ಮಂತ್ರಿಗಳು ಉಪಪ್ರಶ್ನೆಗೆ ಸಿಕ್ಕಿ "ಇದನ್ನು ಪರಿಶೀಲಿಸುತ್ತೇನೆ" ಅಂದರೆ ಕಥೆ ಬೇರೆ. ಆ ಮಾತನ್ನು ಭರವಸೆ ಎಂದು ಬರೆದುಕೊಳ್ಳಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಭರವಸೆ ಈಡೇರಿಸಲು ಇಲಾಖೆಗೆ ಮೂರು ತಿಂಗಳು. ಆಗದಿದ್ದರೆ ಕಾರಣ ಹೇಳಿ ಸಮಿತಿಯಿಂದ ಹೆಚ್ಚಿನ ಸಮಯ ಕೇಳಬೇಕು. ಎಷ್ಟೋ ಭರವಸೆಗಳು ಹಾಗೆಯೇ ವರ್ಷಗಟ್ಟಲೆ ಉಳಿಯುತ್ತವೆ, ಕೆಲವನ್ನು ಕೈಬಿಡಲು ಇಲಾಖೆಯೇ ಕೋರುತ್ತದೆ. ಸಮಿತಿ ಆ ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೂರಿಸಿಕೊಂಡು, ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತದೆ.